ಒಂದು ಜೋಡಿ ಕ್ಯಾಮ್

ಮುಂಡಾಜೆ
11 ಜೂನ್ 2023

ಸುಬ್ಬಯ್ಯ ಮಾವನಿಗೆ,

ಕಾಗದ ಬಂತೆಂದು ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ನಾನು ಉದ್ದಕ್ಕೆ ಬರೆದರೆ ನೀವು ಒಂದು ಹೆಬ್ಬೆರಳು ಕಳಿಸುತ್ತೀರಿ. ಹೆಬ್ಬೆರಳಿನಿಂದ ಬಗೆಹರಿಯುವ ವಿಷಯ ಇದಲ್ಲ.

ವಿಷಯ ನಿಮ್ಮ ಬುಲೆಟ್ಟಿನದು. ನನ್ನದು ಎನ್ನಬೇಕು. ಕಳೆದ ವರ್ಷ ನೀವು ಅದನ್ನು ಮೆಕ್ಯಾನಿಕ್ ಅನ್ಸಾಫನ ಪಿಕಪ್ಪಿನಲ್ಲಿ ಹೇರಿ ಕಳಿಸಿದಾಗ, ಇನ್ನು ಇದು ಸುರಕ್ಷಾಳದ್ದು ಎಂದು ಹೇಳಿ ಕಳಿಸಿದ್ದಿರಿ. ಆದರೂ ಬೆಳ್ತಂಗಡಿ ಪೇಟೆಯಲ್ಲಿ ಪ್ರಾಯದವರು ಯಾರಾದರೂ ಕಂಡರೆ, "ಇದು ಬಂಟ್ವಾಳದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಸುಬ್ಬಯ್ಯಣ್ಣನ ಗಾಡಿಯಲ್ಲವಾ?" ಎಂದೇ ಕೇಳುತ್ತಾರೆ. ನಾನು ಯಾರೆಂದು ಯಾರೂ ಕೇಳುವುದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತುಂಟಲ್ಲ. ಕೋಳಿಫಾರಂಗಳು ಘಾಟಿಯ ಕೆಳಗೂ ಉಂಟು, ಮೇಲೂ ಉಂಟು. ವಾರದಲ್ಲಿ ಒಂದೆರಡು ಸಲ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಚಾರ್ಮಾಡಿ ಹತ್ತಬೇಕು. ಒಂದೆರಡು ತಿರುವು ದಾಟುವಷ್ಟರಲ್ಲಿ ಬೈಕ್ ಏದುಸಿರು ಬಿಡುತ್ತದೆ. ಮೊನ್ನೆ ತರಕಾರಿ ತುಂಬಿದ ಲಾರಿಯೊಂದು ನನ್ನನ್ನು ತಿರುವಿನಲ್ಲೇ ಹಿಂದೆ ಹಾಕಿತು. ಅದರ ಕ್ಲೀನರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಹಗ್ಗ ಕಟ್ಟಿ ಎಳೀಬೇಕಾ?" ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಅದೇ ಬೇಸರ.

ಅನ್ಸಾಫ್ ಎಲ್ಲ ನೋಡಿದ. ಕಾರ್ಬೊರೇಟರ್ ಸರಿ ಉಂಟಂತೆ, ಪಿಸ್ಟನ್ ಸರಿ ಉಂಟಂತೆ. ಉಳಿದದ್ದು ಕ್ಯಾಮ್. ಈಗ ಹಳೆಯ ಬುಲೆಟ್ಟಿಗೆ ಮೂರು ಬಗೆಯ ಜೋಡಿ ಸಿಗುತ್ತದೆ: ಕಂಪೆನಿಯ ಮೂಲ ಅಳತೆಯದು, ಅದಕ್ಕಿಂತ ಸ್ವಲ್ಪ ಎತ್ತರದ್ದು, ಮತ್ತೆ ರೇಸಿನವರು ಹಾಕುವಂಥದು. "ಕೋಳಿ ಡಾಕ್ಟ್ರೇ, ಮೂರನೆಯದು ಹಾಕುವ. ನಿಮ್ಮ ಕೋಳಿ ಹದ್ದಾಗ್ತದೆ" ಎನ್ನುತ್ತಾನೆ.

ನೀವು ಯಾವುದು ಹಾಕುತ್ತಿದ್ದಿರಿ?

ನಿಮ್ಮ
ಸುರಕ್ಷಾ


ಮೂಡುಬಿದಿರೆ
24 ಜೂನ್ 2023

ಚಿ. ಸುರಕ್ಷಾಳಿಗೆ,

ಕಾಗದ ಬಂತು. ಇಡೀ ಜನ್ಮ ತುಳುವಿನಲ್ಲಿ ಮಾತಾಡಿದ ನಮಗೆ ಪೆನ್ನು ಹಿಡಿದ ಕೂಡಲೇ ಕನ್ನಡ ಬರುತ್ತದೆ, ಶಾಲೆಗೆ ಹಾಕುತ್ತಿದ್ದ ಅಂಗಿಯ ಹಾಗೆ. ಇರಲಿ. ಅಂಗಿ ಸ್ವಲ್ಪ ಬಿಗಿಯಾದರೆ ಮನುಷ್ಯ ನೆಟ್ಟಗೆ ಕೂರುತ್ತಾನೆ.

ಕ್ಯಾಮ್ ಎಂದರೆ ತಿರುಗುವ ಕಬ್ಬಿಣದ ಮೇಲೆ ಒಂದು ಉಬ್ಬು. ಹೆಚ್ಚೇನೂ ಇಲ್ಲ. ಉಬ್ಬು ಬಂದಾಗ ವಾಲ್ವ್ ಬಾಯಿ ತೆರೆಯುತ್ತದೆ, ದಾಟಿದಾಗ ಮುಚ್ಚುತ್ತದೆ. ನಿನ್ನ ಎಂಜಿನ್ನಿನಲ್ಲಿ ಎರಡುಂಟು: ಒಂದು ಉಸಿರು ಎಳೆಯಲಿಕ್ಕೆ, ಒಂದು ಬಿಡಲಿಕ್ಕೆ. ಉಬ್ಬನ್ನು ಎತ್ತರ ಮಾಡಿ ಅಗಲ ಮಾಡಿದರೆ ಬಾಯಿ ಹೆಚ್ಚು ಹೊತ್ತು ತೆರೆದಿರುತ್ತದೆ. ಜೋರಾಗಿ ಓಡುವಾಗ ಅದು ಒಳ್ಳೆಯದು. ನಿಧಾನಕ್ಕೆ ಹೋಗುವಾಗ ಮಾತ್ರ, ಎಳೆದ ಉಸಿರಿನಲ್ಲಿ ಒಂದು ಪಾಲು ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ಅನ್ಸಾಫ್ ಶಕ್ತಿ ಹೆಚ್ಚುತ್ತದೆ ಎಂದನಲ್ಲ, ಅದು ಪೂರ್ತಿ ನಿಜವಲ್ಲ. ಶಕ್ತಿ ಜಾಗ ಬದಲಿಸುತ್ತದೆ. ಕೆಳಗಿನಿಂದ ತೆಗೆದು ಮೇಲೆ ಇಟ್ಟ ಹಾಗೆ. ಘಾಟಿಯ ತಿರುವಿನಲ್ಲಿ ನಿನಗೆ ಬೇಕಾದದ್ದು ಕೆಳಗಿನದು. ಅಲ್ಲಿ ಕೈ ಹಾಕಿದರೆ ಖಾಲಿ ಇರುತ್ತದೆ.

ಆದ್ದರಿಂದ ಯಾವುದೂ ಬೇಡ. ಮುಂದಿನ ಹಲ್ಲುಚಕ್ರ ಒಂದು ಹಲ್ಲು ಸಣ್ಣದು ಹಾಕಿಸು, ಹತ್ತುತ್ತದೆ. ಕ್ಯಾಮ್ ಮುಟ್ಟಬೇಡ. ಮುಟ್ಟಿದರೆ ಸದ್ದು ಕೆಡುತ್ತದೆ. ನಿಂತಲ್ಲಿ ಅದು ಈಗ ಹೇಗೆ ಬಡಿಯುತ್ತದೋ ಹಾಗೆಯೇ ಇರಲಿ.

ಮಗ ಮನೀಷ್ ದೋಹಾದಿಂದ ಬಂದಿದ್ದ. ಬೈಕನ್ನು ನಿನಗೆ ಯಾಕೆ ಕೊಟ್ಟೆ, ಮಾರಬಹುದಿತ್ತಲ್ಲ ಎಂದು ಎದುರು ಕೂತು ಚೀಟಿಯಲ್ಲಿ ಬರೆದು ಕೇಳಿದ. ನಾನೂ ಬರೆದೆ: ನಮ್ಮಲ್ಲಿ ಸೋದರಮಾವನ ಸೊತ್ತು ತಂಗಿಯ ಮಕ್ಕಳಿಗೆ ಹೋಗುವುದು, ಭೂಮಿ ಅಳಿಯಕಟ್ಟಿನಲ್ಲಿ ಹೋಗುವ ಕಾಲ ಮುಗಿಯಿತು, ಬುಲೆಟ್ಟಾದರೂ ಹೋಗಲಿ. ಅವನು ನಕ್ಕ. ನಕ್ಕದ್ದು ಕಾಣಿಸಿತು.

ಮನೆಯಲ್ಲಿ ಎಲ್ಲರೂ ಸೌಖ್ಯವೆಂದು ತಿಳಿಯುತ್ತೇನೆ.

ಇಂತು
ಸುಬ್ಬಯ್ಯ


ಮುಂಡಾಜೆ
16 ಜುಲೈ 2023

ಮಾವ,

ಹಲ್ಲುಚಕ್ರ ಬದಲಾಯಿಸಿದೆ. ಹತ್ತುತ್ತದೆ, ಒಪ್ಪಿದೆ. ಆದರೆ ಉಜಿರೆ ದಾಟಿ ಸಮ ರಸ್ತೆಗೆ ಬಂದರೆ ಬೈಕ್ ಅರಚುತ್ತದೆ, ನನ್ನ ಹಲ್ಲು ಕಟಕಟ ಎನ್ನುತ್ತದೆ. ಮೊದಲು ಲಾರಿಗಳು ಘಾಟಿಯಲ್ಲಿ ದಾಟಿ ಹೋಗುತ್ತಿದ್ದವು, ಈಗ ಸಮದಲ್ಲಿ ದಾಟುತ್ತವೆ. ಜಾಗ ಬದಲಿಸಿತು, ನೀವು ಹೇಳಿದ ಹಾಗೆ.

ಮನೆಯಲ್ಲಿ ಎಲ್ಲರೂ ಎಂದು ಬರೆದಿದ್ದೀರಿ. ಈ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನನಗೇ ಬರೆದ ಕಾಗದದಲ್ಲಿ ಎಲ್ಲರೂ ಎಂದರೆ ಅಮ್ಮ. ನಿಮ್ಮ ಸ್ವಂತ ತಂಗಿ. ಪ್ರೇಮಾವತಿ ಎಂದು ಹೆಸರುಂಟು. ನಿಮ್ಮ ಕಾಗದ ಬಂತೆಂದು ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಇದ್ದಳು. ನಿಮ್ಮಿಬ್ಬರ ನಡುವೆ ಏನಾಯಿತೆಂದು ನೀವೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ನಾನು ಕೇಳಿ ಕೇಳಿ ಬಿಟ್ಟಿದ್ದೇನೆ.

ಒಂದು ಮಾತು ಮಾತ್ರ ಕೇಳುತ್ತೇನೆ. ಸದ್ದು ಕೆಡುತ್ತದೆ ಎಂದಿರಿ. ಯಾರ ಕಿವಿಗೆ, ಮಾವ? ನಿಮಗೆ ಕೇಳಿಸದ ಸದ್ದಿಗಾಗಿ ನಾನು ದಿನಾ ಲಾರಿಯ ಹೊಗೆ ಕುಡಿಯಬೇಕಾ?

ಮೂರನೆಯ ಜೋಡಿಗೆ ಹೇಳಿದ್ದೇನೆ.

ಸುರಕ್ಷಾ


ಮೂಡುಬಿದಿರೆ
3 ಸೆಪ್ಟೆಂಬರ್ 2023

ಸುರಕ್ಷಾ,

ಗಾಡಿ ನಿನ್ನದು. ಹಾಕಿಸು.

ಮುಚ್ಚುವ ಮೊದಲು ಮಕ್ಕಳು ಆಟವಾಡುವ ಬಣ್ಣದ ಮಣ್ಣನ್ನು ಪಿಸ್ಟನ್ನಿನ ತಲೆಯ ಮೇಲೆ ತೆಳ್ಳಗೆ ಮೆತ್ತಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಬಿಚ್ಚಿ ನೋಡಿ. ವಾಲ್ವ್ ಈಗ ಹೆಚ್ಚು ಕೆಳಗೆ ಇಳಿಯುತ್ತದೆ. ಮಣ್ಣು ಎಷ್ಟು ಒತ್ತಿಹೋಗಿದೆಯೋ ಅದರಿಂದ ಎಷ್ಟು ಜಾಗ ಉಳಿದಿದೆಯೆಂದು ಗೊತ್ತಾಗುತ್ತದೆ. ಇದನ್ನು ಬಿಡಬೇಡಿ. ವಾಲ್ವಿನ ಸ್ಪ್ರಿಂಗೂ ಹೊಸದು ಬೇಕು.

ತೆಗೆದ ಹಳೆಯ ಜೋಡಿಯನ್ನು ಎಸೆಯಬಾರದು.

ಸುಬ್ಬಯ್ಯ


ಮುಂಡಾಜೆ
1 ಅಕ್ಟೋಬರ್ 2023

ಮಾವ,

ಮಣ್ಣು ಮೆತ್ತಿ ನೋಡಿದೆವು, ಜಾಗ ಬೇಕಾದಷ್ಟಿತ್ತು. ಸ್ಪ್ರಿಂಗೂ ಹೊಸದು. ಜುಲೈಯ ಕಾಗದದಲ್ಲಿ ಬರೆದ ಒಂದು ವಾಕ್ಯವನ್ನು ನಾನು ಬರೆಯಬಾರದಿತ್ತು. ಯಾವುದೆಂದು ನಿಮಗೆ ಗೊತ್ತು.

ಹಳೆಯ ಜೋಡಿಯನ್ನು ಹೊರಗೆ ತೆಗೆದ ದಿನ ಅನ್ಸಾಫ್ ಉಸಿರು ಎಳೆಯುವ ಕಡೆಯ ಕ್ಯಾಮನ್ನು ಬಾಗಿಲಿನ ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿದ.

"ಇದು ಕಂಪೆನಿಯ ಅಳತೆ ಅಲ್ಲ ಡಾಕ್ಟ್ರೇ."

"ಡೂಪ್ಲಿಕೇಟಾ?"

"ಅಲ್ಲಪ್ಪ. ಕಂಪೆನಿಯದ್ದೇ. ಯಾರೋ ಕೈಯಲ್ಲಿ ಉಜ್ಜಿದ್ದಾರೆ. ಇಲ್ಲಿ ನೋಡಿ, ಕಲ್ಲಿನ ಗೀರು. ಎಲ್ಲರೂ ಗಾಡಿ ಜೋರು ಮಾಡ್ಲಿಕ್ಕೆ ಉಜ್ಜುವುದು, ಇವರು ಮೆತ್ತಗೆ ಮಾಡ್ಲಿಕ್ಕೆ ಉಜ್ಜಿದ್ದಾರೆ. ಉಬ್ಬನ್ನೇ ತಗ್ಗಿಸಿದ್ದಾರೆ. ಹುಚ್ಚಾ ಎಂತ ಮಾರಾಯ್ರೆ?"

ಹಾಗೆ ಉಜ್ಜಿದ್ದರಿಂದ ಹದ ಕೊಟ್ಟ ಗಟ್ಟಿ ಮೇಲ್ಪದರ ಹೋಗಿ, ಒಳಗಿನದು ಇಷ್ಟು ವರ್ಷ ಸುಮ್ಮನೆ ಸವೆಯುತ್ತ ಬಂದಿದೆಯಂತೆ. ಬೈಕಿಗೆ ಪ್ರಾಯವಾದದ್ದಲ್ಲ, ಈ ಒಂದು ಉಬ್ಬು ತೀರಿಹೋದದ್ದು ಎಂದ. ನೀವು ಮುಟ್ಟಬೇಡ ಎಂದದ್ದು ಇದನ್ನೇ ಎಂದು ಆಗ ತಿಳಿಯಿತು. ಯಾಕೆಂದು ತಿಳಿಯಲಿಲ್ಲ.

ಹೊಸ ಜೋಡಿ ಹಾಕಿ ಬಿ.ಸಿ. ರೋಡಿನ ತನಕ ಹೋಗಿ ಬಂದೆ. ಸುಳ್ಳು ಹೇಳುವುದಿಲ್ಲ, ಹೆಲ್ಮೆಟ್ಟಿನ ಒಳಗೆ ಒಬ್ಬಳೇ ನಕ್ಕೆ. ಕಾರುಗಳು ಹಿಂದೆ ಬಿದ್ದವು. ಮರುವಾರ ಘಾಟಿಯ ತಿರುವಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹಾಕುತ್ತಿರುವಾಗ, ಎಂಜಿನ್ ಸತ್ತಿತು. ಇಳಿಜಾರಿನಲ್ಲಿ ಕಾಲೂರಿ ಕಿಕ್ ಹೊಡೆದೆ. ಕೆಳಗೆ ಕೈ ಹಾಕಿದರೆ ಖಾಲಿ ಎಂದಿದ್ದಿರಿ. ಹೌದು, ಖಾಲಿ.

ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ.

ನಾನು ಸಂಜೆ ಮನೆಗೆ ಬರುವಾಗ ಯಾವಾಗಲೂ ಗೇಟು ತೆರೆದಿರುತ್ತದೆ, ಅಮ್ಮ ಪಕ್ಕದಲ್ಲಿ ನಿಂತಿರುತ್ತಾಳೆ. ಹೊತ್ತು ನೋಡಿ ಬರುತ್ತಾಳೆ ಎಂದುಕೊಂಡಿದ್ದೆ. ನನ್ನ ಕೆಲಸಕ್ಕೆ ಸರಿಯಾದ ಹೊತ್ತೇ ಇಲ್ಲ ಎಂಬುದು ತಲೆಗೆ ಹೊಳೆದಿರಲಿಲ್ಲ. ಹೊಸ ಕ್ಯಾಮ್ ಹಾಕಿದ ದಿನ ಗೇಟು ಮುಚ್ಚಿತ್ತು. ಹಾರ್ನ್ ಹೊಡೆದೆ. ಬಂದಳು, ನನ್ನನ್ನಲ್ಲ, ಬೈಕನ್ನು ನೋಡಿದಳು.

"ಅದು ಯಾರ ಗಾಡಿ?"

"ನಮ್ಮದೇ ಅಮ್ಮ."

"ಅಲ್ಲ," ಎಂದು ಒಳಗೆ ಹೋದಳು.

ಮರುದಿನವೂ ಗೇಟು ಮುಚ್ಚಿತ್ತು. ಅದರ ಮರುದಿನವೂ.

ಹಳೆಯ ಜೋಡಿಯನ್ನು ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೆ. ನಿನ್ನೆ ನೋಡುತ್ತೇನೆ, ಬಿಚ್ಚಿದ್ದಾಳೆ. ಸವೆದ ಕ್ಯಾಮಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾಳೆ.

"ಇದು ಅಣ್ಣ ಉಜ್ಜಿದ್ದು" ಎಂದಳು. ಆಮೇಲೆ ತಾನಾಗಿ ಹೇಳಿದಳು. "ನೀನು ಹೊಟ್ಟೆಯಲ್ಲಿದ್ದಿ. ನಿನ್ನ ಮೊದಲಿನ ಎರಡು ನಿಲ್ಲಲಿಲ್ಲ. ಕುಲುಕಬಾರದು ಅಂತ ಡಾಕ್ಟ್ರು ಹೇಳಿದ್ದರು. ಬಸ್ಸಿನಲ್ಲಿ ಆಗ್ತದಾ? ನಿನ್ನ ಅಪ್ಪ ಮಸ್ಕತ್ತಿನಲ್ಲಿ. ಅಣ್ಣ ಬಂಟ್ವಾಳದಿಂದ ಬಂದು, ಗಾಡಿ ಬಿಚ್ಚಿ, ನಮ್ಮ ಜಗಲಿಯಲ್ಲೇ ಕೂತು ಇದನ್ನು ಕಲ್ಲಿನಲ್ಲಿ ಉಜ್ಜಿದ. ಉಜ್ಜುವುದು, ಹಾಕಿ ನೋಡುವುದು, ತೆಗೆಯುವುದು, ಮತ್ತೆ ಉಜ್ಜುವುದು. ಎಂತ ಅಣ್ಣ ಇದು, ಕತ್ತಿ ಮಸೆಯುವ ಹಾಗೆ, ಅಂತ ಕೇಳಿದೆ. ಗಾಡಿಗೆ ನಡೆಯಲಿಕ್ಕೆ ಕಲಿಸ್ತಾ ಇದ್ದೇನೆ ಅಂದ. ಮತ್ತೆ ಬೆಳ್ತಂಗಡಿಗೆ ನಮ್ಮ ಸವಾರಿ ಹೋಗುವಾಗ ಸೈಕಲಿನವರು ನಮ್ಮನ್ನು ದಾಟಿ ಹೋಗ್ತಿದ್ದರು. ನಾನು ಮರ್ಯಾದೆಗೆ ಸೆರಗು ಮುಖಕ್ಕೆ ಹಿಡೀತಿದ್ದೆ."

ಅಪ್ಪ ಸತ್ತ ಮೇಲೆ ಅವಳ ಬಾಯಲ್ಲಿ ನಿಮ್ಮ ಬಗ್ಗೆ ಇಷ್ಟು ಮಾತು ಬಂದದ್ದು ಇದೇ ಮೊದಲು. ಹಾಗಾದರೆ ಮಾತು ಬಿಟ್ಟದ್ದು ಯಾಕೆ ಎಂದು ಕೇಳಿದೆ.

"ನಾನು ಬಿಟ್ಟದ್ದಲ್ಲ. ನಿನ್ನ ಅಪ್ಪನ ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಆಗಿ ಎಲ್ಲರೂ ಹೋಗಿದ್ದರು. ಅಣ್ಣ ಅಂಗಳದಲ್ಲಿ ಬೆನ್ನು ಹಾಕಿ ಗಾಡಿ ಒರೆಸ್ತಾ ಇದ್ದ. ಅಣ್ಣಾ, ಇವತ್ತು ನಿಲ್ಲು, ಅಂತ ಜಗಲಿಯಿಂದ ಕರೆದೆ. ಎರಡು ಸಲ ಕರೆದೆ. ಗಾಡಿ ಇನ್ನೂ ಸ್ಟಾರ್ಟ್ ಆಗಿರ್ಲಿಲ್ಲ, ಕೇಳದೆ ಇರ್ಲಿಕ್ಕೆ. ತಿರುಗಿ ನೋಡಲಿಲ್ಲ. ಕಿಕ್ ಹೊಡೆದು ಹೋದ. ಮೂರನೆಯ ಸಲ ಕರೆಯುವವಳು ನಾನಲ್ಲ."

ಮಾವ, ನಿಮ್ಮ ಕಿವಿ ಹೋದದ್ದು ಕೊರೊನಾ ಸಮಯದಲ್ಲಿ ಜ್ವರ ಬಂದ ಮೇಲೆ ಎಂದು ಮನೀಷ್ ಹೇಳಿದ್ದ. ನಾವೆಲ್ಲ ಹಾಗೆಯೇ ತಿಳಿದಿದ್ದೇವೆ. ಅಪ್ಪನ ಬೊಜ್ಜ 2017ರಲ್ಲಿ.

ಹಾಗಾದರೆ ಅದು ಹೋದದ್ದು ನಿಜವಾಗಿ ಯಾವಾಗ?

ಸುರಕ್ಷಾ


ಮೂಡುಬಿದಿರೆ
20 ಅಕ್ಟೋಬರ್ 2023

ಚಿ. ಸುರಕ್ಷಾಳಿಗೆ,

ಜ್ವರದಿಂದ ಎಂಬುದು ನಾನೇ ಹಬ್ಬಿಸಿದ್ದು. ಜ್ವರಕ್ಕೆ ಒಂದು ಮರ್ಯಾದೆ ಉಂಟು. ಯಾರೂ ಹೆಚ್ಚು ಕೇಳುವುದಿಲ್ಲ.

ಅದು ಹೋಗಲು ಸುರುವಾದದ್ದು ಬೊಜ್ಜಕ್ಕಿಂತ ಎಷ್ಟೋ ಮೊದಲು. ಮೊದಲು ಹಿಂದಿನಿಂದ ಕರೆದದ್ದು ಹೋಯಿತು, ಆಮೇಲೆ ಫೋನು, ಆಮೇಲೆ ಎದುರು ನಿಂತವರ ಮಾತು. ನನ್ನ ಕಸುಬು ನಿನಗೆ ಗೊತ್ತು. ಬಂಟ್ವಾಳಕ್ಕೆ ಜನ ಗಾಡಿ ತರುತ್ತಿದ್ದದ್ದು ನನ್ನ ಹತಾರಗಳಿಗಾಗಿ ಅಲ್ಲ, ಕಿವಿಗಾಗಿ. ಸುಬ್ಬಯ್ಯ ಕಣ್ಣು ಮುಚ್ಚಿ ನಿಂತರೆ ರೋಗ ಹೇಳುತ್ತಾನೆ ಎನ್ನುತ್ತಿದ್ದರು. ಅಂಥವನು ಕಿವುಡನಾದ ಎಂದರೆ ಮರುದಿನ ಬಾಗಿಲು ಹಾಕಬೇಕು. ಅನ್ಸಾಫನ ಅಪ್ಪ ಝಕರಿಯಾ ನನ್ನ ಜೊತೆ ಇದ್ದನಲ್ಲ, ಅವನಿಗೊಬ್ಬನಿಗೆ ಗೊತ್ತಿತ್ತು. ನಾನು ವಾಲ್ವಿನ ಟ್ಯಾಪೆಟ್ ಬಿಗಿ ಮಾಡುವಾಗ ಅವನು ಗಿರಾಕಿಗೆ ಕಾಣದ ಹಾಗೆ ಪಕ್ಕದಲ್ಲಿ ನಿಂತು ಬೆರಳಿನಲ್ಲಿ ಸನ್ನೆ ಮಾಡುತ್ತಿದ್ದ: ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಸಾಕು. ನಾನು ಕಣ್ಣು ಮುಚ್ಚಿದ ಹಾಗೆ ಮಾಡಿ ಅವನ ಬೆರಳು ನೋಡುತ್ತಿದ್ದೆ. ಅವನು ತೀರಿಹೋದ ಮೇಲೆ ವರ್ಕ್‌ಶಾಪ್ ಮುಚ್ಚಿದ್ದಕ್ಕೆ ಜನ ಬೇರೆ ಕಾರಣ ಹೇಳಿದರು. ಹೇಳಲಿ ಎಂದು ಬಿಟ್ಟೆ.

ಎರಡು ಸಲ ಕರೆದಳು ಎಂದು ಬರೆದಿದ್ದಿ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಬುಲೆಟ್ ಒರೆಸಲಿಕ್ಕೆ ಅಷ್ಟು ಹೊತ್ತು ಬೇಡ, ಸುರಕ್ಷಾ. ಆ ದಿನ ಒರೆಸಿದ ಕಡೆಗೇ ಮತ್ತೆ ಒರೆಸಿದೆ. ಭಾವ ಸತ್ತು ಮನೆ ಖಾಲಿಯಾಗಿದೆ, ಪ್ರೇಮ ನಿಲ್ಲು ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ ಎಂದು ತಿಳಿದು ಹೊರಟೆ. ನಿಲ್ಲು ಎನ್ನದ ಮನೆಗೆ ಮತ್ತೆ ಹೋಗುವುದು ಹೇಗೆ ಎಂದು ಇಷ್ಟು ವರ್ಷ ಕಳೆದೆ. ಅವಳು ಫೋನು ಮಾಡುವುದು ಬಿಟ್ಟಾಗ, ನಿಜ ಹೇಳಬೇಕಾದರೆ, ಸಮಾಧಾನವೂ ಆಯಿತು. ಎತ್ತಿದರೆ ಏನೂ ಕೇಳುತ್ತಿರಲಿಲ್ಲ.

ಯಾರ ಕಿವಿಗೆ ಎಂದು ಕೇಳಿದ್ದಿ. ನನ್ನ ಕಿವಿಯಲ್ಲಿ ಏನೂ ಇಲ್ಲ ಎಂದು ನೀವು ತಿಳಿದಿದ್ದೀರಿ. ಹಾಗಲ್ಲ, ಹಗಲೂ ರಾತ್ರಿ ಒಂದು ಮೊರೆತ ಉಂಟು. ಅದರ ಅಡಿಯಲ್ಲಿ ಆ ಬಡಿತವನ್ನು ಹುಡುಕುತ್ತೇನೆ, ಕೆಲವು ದಿನ ಸಿಗುತ್ತದೆ. ಆದರೆ ಕ್ಯಾಮ್ ಮುಟ್ಟಬೇಡ ಎಂದದ್ದು ನನ್ನ ಕಿವಿಗಾಗಿ ಅಲ್ಲ. ಬೈಕನ್ನು ಕಳಿಸಿದ್ದೂ ನಿನಗಾಗಿ ಮಾತ್ರ ಅಲ್ಲ. ನನಗೆ ಬರಲಾಗದ ಮನೆಯ ಗೇಟಿಗೆ ಅದು ದಿನಾ ಸಂಜೆ ಬರಲಿ ಎಂದಿತ್ತು. ಗೇಟು ತೆರೆಯುತ್ತಿದ್ದಳು ಎಂದು ನಿನ್ನ ಕಾಗದದಿಂದ ತಿಳಿಯಿತು.

ಇನ್ನು ಕ್ಯಾಮಿನ ವಿಷಯ. ನಾನು ಮುಟ್ಟಬೇಡ ಎಂದದ್ದು ತಪ್ಪು ಸಲಹೆ. ಹಳೆಯದರ ಚರ್ಮ ಹೋಗಿದೆ, ಅದನ್ನು ಮತ್ತೆ ಹಾಕಿ ಓಡಿಸಬೇಡ. ಅನ್ಸಾಫನ ಮೂರನೆಯದು ನೇರ ರಸ್ತೆಯವರಿಗೆ. ನೀನು ಹತ್ತಬೇಕು, ಇಳಿಯಬೇಕು, ಪೆಟ್ಟಿಗೆ ಹೊರಬೇಕು. ನಡುವಿನ ಜೋಡಿ ಹಾಕಿಸು. ಮೂಲದ್ದಕ್ಕಿಂತ ಸ್ವಲ್ಪವೇ ಎತ್ತರ. ಕೆಳಗಿನದನ್ನು ಪೂರ್ತಿ ಕಸಿಯುವುದಿಲ್ಲ, ಮೇಲೆಯೂ ಸ್ವಲ್ಪ ಇಡುತ್ತದೆ. ಸದ್ದು ಬೇರೆಯಾಗುತ್ತದೆ. ಆಗಲಿ. ಪ್ರೇಮಳಿಗೆ ಹೇಳು, ನಾಲ್ಕು ದಿನದಲ್ಲಿ ಗುರುತು ಹಿಡಿಯುತ್ತಾಳೆ.

ಉಳಿದದ್ದನ್ನು ನೀನು ಅವಳಿಗೆ ಓದಿ ಹೇಳಬೇಡ. ಕಾಗದವನ್ನೇ ಕೊಡು.

ನಿನ್ನ ಮಾವ


ಮುಂಡಾಜೆ
6 ನವೆಂಬರ್ 2023

ಮಾವ,

ಕಾಗದ ಕೊಟ್ಟೆ. ಕನ್ನಡಕ ಹಾಕಿ ಬಾವಿಯ ಕಟ್ಟೆಯ ಮೇಲೆ ಕೂತು ಓದಿದಳು. ಒಳಗೆ ಬಂದು ನನ್ನನ್ನೇ ಬೈದಳು: "ಆ ಕಿವುಡ ಮಾರಾಯನಿಗೆ ಒಮ್ಮೆ ತಿರುಗಿ ನೋಡ್ಲಿಕ್ಕೆ ಎಂತ ಆಗಿತ್ತು? ಕುತ್ತಿಗೆಯೂ ಹೋಗಿತ್ತಾ?" ಆಮೇಲೆ ಮೂಗು ಒರೆಸಿಕೊಂಡು, "ನನಗಾದರೂ ಅಂಗಳಕ್ಕೆ ಇಳಿಯಬಹುದಿತ್ತು. ಮೂರು ಮೆಟ್ಟಿಲು," ಎಂದಳು.

ನಡುವಿನ ಜೋಡಿಗೆ ಹೇಳಿದ್ದೇನೆ, ದೀಪಾವಳಿ ಕಳೆದು ಬರುತ್ತದೆ. ಅಲ್ಲಿಯವರೆಗೆ ಒಂದು ವಿಷಯದಲ್ಲಿ ನಿಮ್ಮ ಮಾತು ಮೀರಿದ್ದೇವೆ, ಬೈಯಬೇಡಿ. ಅಮ್ಮ ನಿನ್ನೆ ನನ್ನ ಜೊತೆ ಬೆಳ್ತಂಗಡಿಗೆ ಬಂದು, ಅನ್ಸಾಫನ ಎದುರು ಸ್ಟೂಲ್ ಎಳೆದು ಕೂತು, ಪೇಪರಿನ ಕಟ್ಟನ್ನು ಅವನ ಕೈಗೆ ಕೊಟ್ಟು, "ಇದನ್ನು ವಾಪಸ್ ಹಾಕು ಮಗಾ" ಎಂದಳು.

"ಇದು ತೀರಿತು ಪ್ರೇಮಕ್ಕ. ಎಲ್ಲಿಗೂ ಮುಟ್ಟುವುದಿಲ್ಲ."

"ಮೂಡುಬಿದಿರೆಗೆ ಮುಟ್ತದಾ?"

ಅವನು ಕ್ಯಾಮನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದ. "ನಿಧಾನಕ್ಕೆ ಹೋದರೆ ಮುಟ್ತದೆ."

"ಅದಕ್ಕೆ ನಿಧಾನಕ್ಕೆ ಹೋಗ್ಲಿಕ್ಕೇ ಬರುವುದು," ಎಂದಳು ಅಮ್ಮ.

ಹಾಗಾಗಿ ಭಾನುವಾರ ಬರುತ್ತೇವೆ. ಗುರುವಾಯನಕೆರೆಯಿಂದ ವೇಣೂರು ದಾರಿ. ವೇಣೂರಿನಲ್ಲಿ ಚಾ ಕುಡಿಯಬೇಕಂತೆ, ಅಲ್ಲಿ ನೀವಿಬ್ಬರು ಸಣ್ಣವರಿರುವಾಗ ಏನೋ ತಿಂದದ್ದಂತೆ, ಅಂಗಡಿ ಈಗ ಇಲ್ಲ ಎಂದರೆ ಕೇಳುವುದಿಲ್ಲ. ಹಿಂದೆ ಕೂತು ಅವಳು ಸೆರಗು ಮುಖಕ್ಕೆ ಹಿಡಿಯುತ್ತಾಳೋ ನೋಡಬೇಕು. ಸೈಕಲಿನವರು ದಾಟಿದರೆ ದಾಟಲಿ.

ನಾವು ಬರುವ ಸದ್ದು ನಿಮಗೆ ಕೇಳಿಸುವುದಿಲ್ಲ. ಅದಕ್ಕೆ ಏನು ಮಾಡುವ ಎಂದು ಅಮ್ಮನನ್ನು ಕೇಳಿದೆ. ಪೆನ್ನು ಕಸಿದುಕೊಂಡಳು. ಕೆಳಗಿನದು ಅವಳ ಅಕ್ಷರ.

ಸುರಕ್ಷಾ

ಅಣ್ಣಾ,
ಇಷ್ಟು ದಿನ ಗೇಟಿನ ಹತ್ತಿರ ನಾನು ನಿಂತೆ. ಭಾನುವಾರ ನೀನು ನಿಲ್ಲು. ನಾನು ಕರೆಯುವುದಿಲ್ಲ. ರಸ್ತೆ ನೋಡುತ್ತಿರು.
ಪ್ರೇಮ